ಆಸ್ಟ್ರಲ್ ಪ್ರೊಜೆಕ್ಷನ್ ಕಲಿಯಲು ಮೊದಲ ಪುಸ್ತಕ: ನಾನು ಆರಿಸಿಕೊಂಡ ಬಗೆ

ಆಸ್ಟ್ರಲ್ ಪ್ರೊಜೆಕ್ಷನ್, ಅಂದರೆ ಮಲಗಿದ ಮೈಯನ್ನು ಬಿಟ್ಟು ಹೊರಗೆ ಹೋದಂಥ ಅನುಭವವನ್ನು ಬೇಕೆಂದೇ ತಂದುಕೊಳ್ಳುವುದನ್ನು ಕಲಿಯಬೇಕು ಅಂತ ಹೊರಟವರಲ್ಲಿ ಹೆಚ್ಚಿನವರು ಕಲಿಯುವುದು ಪುಸ್ತಕದಿಂದಲೇ. ಎದುರಿಗೆ ಕೂತು ಹೇಳಿಕೊಡುವವರು ಸಿಗುವುದು ಅಪರೂಪ. ಸಿಕ್ಕರೂ ಬೆಳಗಿನ ಜಾವ ನಾಲ್ಕು ಗಂಟೆಗೆ ಮೈಯೆಲ್ಲ ಗುಂಯ್‌ಗುಟ್ಟುತ್ತಿರುವಾಗ ಅವರು ನಮ್ಮ ಹಾಸಿಗೆಯ ಪಕ್ಕದಲ್ಲಿ ಇರುವುದಿಲ್ಲ. ಆ ಹೊತ್ತಿಗೆ ನೆನಪಿಗೆ ಬರುವುದು ಓದಿದ ಮಾತೊಂದೇ. ಅದಕ್ಕೇ ಮೊದಲ ಪುಸ್ತಕ ಯಾವುದು ಅನ್ನುವುದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಹಲವು ಪುಸ್ತಕ ತಿರುವಿ ಹಾಕಿದೆ, ಕೆಲವನ್ನು ಅರ್ಧಕ್ಕೇ ಬಿಟ್ಟೆ, ಕೆಲವನ್ನು ಎರಡೆರಡು ಸಲ ಓದಿದೆ, ಕೊನೆಗೆ ಒಂದನ್ನು ಹಿಡಿದು ಅಭ್ಯಾಸಕ್ಕೆ ತೊಡಗಿದೆ.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ನಸುಕಿನಲ್ಲಿ ಎಚ್ಚರವಾಗಿ, ಸುತ್ತಲಿನದೆಲ್ಲ ತಿಳಿಯುತ್ತಿದ್ದರೂ ಕೈಕಾಲು ಆಡದೆ ಬಿದ್ದಿರುವುದು ನನಗೆ ಹರೆಯದಿಂದಲೂ ಆಗಾಗ ಆಗುತ್ತಿತ್ತು. ಅಂಥ ಒಂದು ಹೊತ್ತಿನಲ್ಲಿ ಮೈ ಹಗುರಾಗಿ ಹಾಸಿಗೆಯಿಂದ ಒಂದು ಗೇಣು ಮೇಲಕ್ಕೆದ್ದ ಹಾಗಾಯಿತು. ಗಾಬರಿಯಾದದ್ದೇ ತಡ, ಧೊಪ್ಪನೆ ಮೈಯೊಳಗೆ ಬಿದ್ದೆ. ಆಮೇಲೆ ಅದು ತಾನಾಗಿ ಬರಲಿಲ್ಲ. ಮತ್ತೆ ಬರಬೇಕು, ಈ ಸಲ ಗಾಬರಿಯಿಲ್ಲದೆ ಬರಬೇಕು, ನಾನು ಕರೆದಾಗ ಬರಬೇಕು. ಪುಸ್ತಕದಿಂದ ನನಗೆ ಬೇಕಿದ್ದದ್ದು ಇಷ್ಟೇ.

ಮೊದಲು ಕೈ ಹೋದದ್ದು ಪತಂಜಲಿಯ ಯೋಗಸೂತ್ರದ ಕಡೆಗೆ. ಪರಕಾಯ ಪ್ರವೇಶದ ಕಥೆ ಕೇಳಿ ಬೆಳೆದವರಿಗೆ ಅದು ಸಹಜ. ಅದರ ಮೂರನೇ ಭಾಗವಾದ ವಿಭೂತಿಪಾದದಲ್ಲಿ, ಬಂಧದ ಕಾರಣ ಸಡಿಲವಾಗಿ ಚಿತ್ತದ ಸಂಚಾರ ತಿಳಿದಾಗ ಅದು ಪರಶರೀರವನ್ನು ಹೊಗಬಲ್ಲದು ಎನ್ನುವ ಸೂತ್ರವಿದೆ. ದೇಹದ ಹೊರಗೆ, ಬರೀ ಕಲ್ಪನೆಯಾಗಿ ಉಳಿಯದೆ ನಿಲ್ಲುವ ಚಿತ್ತವೃತ್ತಿಯನ್ನು ‘ಮಹಾವಿದೇಹಾ’ ಎಂದು ಕರೆದ ಸೂತ್ರವೂ ಇದೆ. ಆದರೆ ಅಲ್ಲಿ ಹೇಳಿರುವುದು ಸಂಯಮ, ಅಂದರೆ ಧಾರಣೆ, ಧ್ಯಾನ, ಸಮಾಧಿ ಮೂರೂ ಒಂದೇ ವಿಷಯದಲ್ಲಿ ಕೂಡುವುದು, ಕೈಗೂಡಿದವರಿಗೆ ಸಿಗುವ ಫಲ. ಇವತ್ತು ರಾತ್ರಿ ಹೇಗೆ ಮಲಗಬೇಕು, ಮೈ ನಡುಗಿದಾಗ ಏನು ಮಾಡಬೇಕು ಎನ್ನುವುದು ಅದರ ಕಾಳಜಿಯೇ ಅಲ್ಲ. ಅದೇ ಪಾದದಲ್ಲಿ ಇಂಥ ಸಿದ್ಧಿಗಳು ಸಮಾಧಿಗೆ ಅಡ್ಡಿ ಎಂಬ ಎಚ್ಚರಿಕೆಯೂ ಇದೆ, ಅದನ್ನು ನಾನು ಮರೆತಿಲ್ಲ. ಅಭ್ಯಾಸದ ಕೈಪಿಡಿಯಾಗಿ ಮಾತ್ರ ಅದು ಆರಂಭಿಕರಿಗೆ ಒದಗದು.

ಥಿಯಸಾಫಿಕಲ್ ಸೊಸೈಟಿಯ ಕಾಲದ ಬರಹಗಳಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. 1875ರಲ್ಲಿ ಶುರುವಾದ ಆ ಅಧ್ಯಾತ್ಮ ಸಂಸ್ಥೆಯ ಲೇಖಕರು, ಮುಖ್ಯವಾಗಿ ಲೆಡ್‌ಬೀಟರ್, ಸೂಕ್ಷ್ಮ ಲೋಕವನ್ನು ಏಳು ಸ್ತರಗಳಾಗಿ ವಿಂಗಡಿಸಿ, ಯಾವ ಸ್ತರದಲ್ಲಿ ಯಾರಿದ್ದಾರೆ ಎಂದು ವಿವರವಾಗಿ ಬರೆದರು. ಇಂದು ನಾವು ಬಳಸುವ ಪದಗಳಲ್ಲಿ ಎಷ್ಟೋ ಬಂದಿರುವುದು ಅಲ್ಲಿಂದಲೇ. ಆದರೆ ಊರಿನ ನಕ್ಷೆ ಎಷ್ಟು ಚೆನ್ನಾಗಿದ್ದರೂ ಮನೆಯ ಬಾಗಿಲು ತೆಗೆಯಲು ಬಾರದವನಿಗೆ ಅದರಿಂದ ಆಗುವುದೇನು? ನನಗೆ ಬೇಕಿದ್ದದ್ದು ಬಾಗಿಲು.

ಬಾಗಿಲಿನ ಬಗ್ಗೆ ಮಾತಾಡಿದವರು ಅನುಭವಿಗಳು. 1929ರಲ್ಲಿ ಬಂದ ‘ದಿ ಪ್ರೊಜೆಕ್ಷನ್ ಆಫ್ ದಿ ಆಸ್ಟ್ರಲ್ ಬಾಡಿ’ಯನ್ನು ಆಸೆಯಿಂದ ಹಿಡಿದೆ. ಇದನ್ನು ಬರೆದವರು ಇಬ್ಬರು. ಸಿಲ್ವನ್ ಮುಲ್ಡೂನ್ ಎಂಬ ಅಮೆರಿಕದ ಯುವಕ, ಕಾಯಿಲೆಯಲ್ಲೇ ದಿನ ಕಳೆದವನು, ಹನ್ನೆರಡನೇ ವಯಸ್ಸಿನಿಂದ ಈ ಅನುಭವ ಕಂಡವನು. ಹೆರೆವಾರ್ಡ್ ಕ್ಯಾರಿಂಗ್ಟನ್ ಅತೀಂದ್ರಿಯ ಸಂಗತಿಗಳ ಸಂಶೋಧಕ. ಈ ವಿಷಯದ ಬಗ್ಗೆ ಕ್ಯಾರಿಂಗ್ಟನ್ ಬರೆದದ್ದನ್ನು ಓದಿದ ಮುಲ್ಡೂನ್, ಇದಕ್ಕಿಂತ ಹೆಚ್ಚು ನನಗೆ ಗೊತ್ತು ಎಂದು ಪತ್ರ ಬರೆದನಂತೆ. ಆ ಆತ್ಮವಿಶ್ವಾಸ ಪುಸ್ತಕದುದ್ದಕ್ಕೂ ಇದೆ. ಸೂಕ್ಷ್ಮ ದೇಹ ಮಲಗಿದ ಭಂಗಿಯಲ್ಲೇ ಮೇಲೇರುವುದು, ಗಾಳಿಯಲ್ಲಿ ನಿಂತು ನೆಟ್ಟಗಾಗುವುದು, ಕೆಲವು ಅಡಿ ದೂರ ಹೋಗುವ ತನಕ ತೂರಾಡುವುದು, ಎರಡು ದೇಹಗಳ ನಡುವೆ ಹಬ್ಬಿದ ಬೆಳ್ಳಿಯ ದಾರ ದೂರ ಹೋದಂತೆಲ್ಲ ತೆಳುವಾಗುವುದು, ಇದೆಲ್ಲವನ್ನೂ ಮುಲ್ಡೂನ್ ಅಳತೆಗೋಲು ಹಿಡಿದವನಂತೆ ವಿವರಿಸುತ್ತಾನೆ. ಓದಿ ಬೆರಗಾದೆ.

ಆದರೂ ಇದು ಮೊದಲ ಪುಸ್ತಕವಾಗಬಾರದು ಎಂದು ಕೆಲವೇ ಅಧ್ಯಾಯಗಳಲ್ಲಿ ಗೊತ್ತಾಯಿತು. ಒಂದು, ಅವನು ತನಗಾದದ್ದನ್ನೇ ಎಲ್ಲರಿಗೂ ನಿಯಮ ಮಾಡುತ್ತಾನೆ. ಇಂಗ್ಲೆಂಡಿನ ಸಂಶೋಧಕಿ ಸೀಲಿಯಾ ಗ್ರೀನ್ ಪತ್ರಿಕೆ, ರೇಡಿಯೋ ಮೂಲಕ ಕರೆ ಕೊಟ್ಟು ಸಾಮಾನ್ಯ ಜನರ ಅನುಭವಗಳನ್ನು ಕೂಡಿಸಿ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚಿನವರು ದಾರದ ಮಾತೇ ಎತ್ತಿಲ್ಲ. ಮುಲ್ಡೂನನನ್ನು ಮಾತ್ರ ಓದಿದವರು ದಾರ ಕಾಣಲಿಲ್ಲ, ಹಾಗಾದರೆ ನನ್ನದು ಸುಳ್ಳು ಅನುಭವ ಅಂದುಕೊಂಡುಬಿಡುತ್ತಾರೆ. ಎರಡನೆಯದು ಇನ್ನೂ ಗಂಭೀರ. ಬಾಯಾರಿಕೆ ಇಟ್ಟುಕೊಂಡು ಮಲಗಿದರೆ ನೀರಿನ ಆಸೆಗೆ ಸೂಕ್ಷ್ಮ ದೇಹ ಎದ್ದು ನಡೆಯುತ್ತದೆ ಎಂದು ಅವನು ಸಲಹೆ ಕೊಡುತ್ತಾನೆ. ಮೈಯನ್ನು ದಂಡಿಸಿ ಕಲಿಯುವ ವಿದ್ಯೆ ಇದಲ್ಲ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ನಿದ್ದೆ, ನೀರು, ಊಟ ಕೆಡಿಸುವ ವಿಧಾನ ಹೇಳುವ ಯಾವ ಪುಸ್ತಕವನ್ನೂ ಹೊಸಬರ ಕೈಗೆ ಕೊಡಬಾರದು.

ಆಲಿವರ್ ಫಾಕ್ಸ್ ಎಂಬ ಹೆಸರಿನಲ್ಲಿ ಬರೆದ ಹ್ಯೂ ಕ್ಯಾಲವೇ ನನಗೆ ಇಷ್ಟವಾದದ್ದು ಒಂದೇ ಒಂದು ಪ್ರಸಂಗಕ್ಕಾಗಿ. 1902ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಕನಸಿನಲ್ಲಿ ತನ್ನ ಮನೆಯ ಮುಂದಿನ ಕಾಲುದಾರಿಯಲ್ಲಿ ನಿಂತಿದ್ದ. ಹಾಸುಗಲ್ಲುಗಳು ದಿನಾ ಇರುವ ದಿಕ್ಕಿಗಲ್ಲದೆ ಅಡ್ಡಕ್ಕೆ ತಿರುಗಿರುವುದು ಕಣ್ಣಿಗೆ ಬಿತ್ತು. ಹೀಗಿರಲು ಸಾಧ್ಯವಿಲ್ಲ, ಹಾಗಾದರೆ ಇದು ಕನಸು ಎಂದು ಕನಸಿನೊಳಗೇ ತಿಳಿಯಿತು. ಅಲ್ಲಿಂದ ಅವನ ಪ್ರಯೋಗಗಳೆಲ್ಲ ಶುರುವಾದವು. ಕನಸಿನಿಂದಲೂ ಬಾಗಿಲು ಇದೆ ಎನ್ನುವುದು ನನ್ನ ತಲೆಯಲ್ಲಿ ಕೂತದ್ದು ಹೀಗೆ.

ಆಮೇಲೆ ರಾಬರ್ಟ್ ಮನ್ರೋ. ಈ ದಾರಿಯಲ್ಲಿ ಕಾಲಿಟ್ಟ ಯಾರನ್ನು ಕೇಳಿದರೂ ಮೊದಲು ಬರುವ ಹೆಸರು ಇದೇ. ರೇಡಿಯೋ ವ್ಯವಹಾರದಲ್ಲಿದ್ದ, ಅಧ್ಯಾತ್ಮದ ಗಂಧವಿಲ್ಲದ ಈ ವ್ಯಕ್ತಿಗೆ 1958ರಲ್ಲಿ ಮಲಗಿದ್ದಾಗ ಮೈಯೆಲ್ಲ ಕಂಪಿಸತೊಡಗಿತು. ಮೆದುಳಿಗೆ ಏನೋ ಆಗಿದೆ ಎಂದು ಹೆದರಿ ವೈದ್ಯರ ಬಳಿ ಹೋದರು, ತಪಾಸಣೆಯಲ್ಲಿ ಏನೂ ಸಿಗಲಿಲ್ಲ. ಕೆಲವು ಕಾಲದ ಮೇಲೆ ಒಂದು ರಾತ್ರಿ ಹೆಗಲಿಗೆ ಏನೋ ಗಟ್ಟಿಯಾದದ್ದು ತಾಗಿತು. ಹಾಸಿಗೆಯಿಂದ ಉರುಳಿ ಗೋಡೆಗೆ ಒರಗಿದ್ದೇನೆ ಅಂದುಕೊಂಡರು. ನೋಡಿದರೆ ಗೋಡೆಯಲ್ಲಿ ಕಿಟಕಿಯಿಲ್ಲ, ಬಾಗಿಲಿಲ್ಲ, ಸಾಮಾನಿಲ್ಲ. ಅದು ಚಾವಣಿ! ಕೆಳಗೆ ಹಾಸಿಗೆಯಲ್ಲಿ ಹೆಂಡತಿಯ ಪಕ್ಕ ತಾವೇ ಮಲಗಿದ್ದರು. 1971ರ ‘ಜರ್ನೀಸ್ ಔಟ್ ಆಫ್ ದಿ ಬಾಡಿ’ಯಲ್ಲಿರುವ ಈ ಭಾಗವನ್ನು ಓದುವಾಗ ನನ್ನ ಮೈ ಜುಮ್ಮೆಂದಿತು. ಗೋಡೆ ಎಂದುಕೊಂಡದ್ದು ಚಾವಣಿಯೆಂದು ಹೊಳೆಯುವ ಆ ಒಂದು ಕ್ಷಣದ ಗಲಿಬಿಲಿಯನ್ನು ಕೂತು ಕಟ್ಟಲಾಗದು, ಅದು ಆದವರಿಗೇ ಗೊತ್ತಿರುವಂಥದ್ದು.

ಮನ್ರೋ ಹೇಳಿದ ಎರಡು ವಿಷಯ ನನ್ನ ಭಯವನ್ನು ಅರ್ಧ ಇಳಿಸಿದವು. ಕಂಪನ ಅಪಾಯವಲ್ಲ, ಅದು ಹೊರಡುವ ಮುನ್ನಿನ ಸ್ಥಿತಿ, ಸುಮ್ಮನೆ ಬಿಟ್ಟರೆ ಶಾಂತವಾಗುತ್ತದೆ. ವಾಪಸು ಬರಬೇಕಾದರೆ ನಿಮ್ಮ ಮೈಯನ್ನು ನೆನೆಯಿರಿ, ಸಾಕು. ಇದನ್ನು ಓದಲೆಂದೇ ಆ ಪುಸ್ತಕವನ್ನು ಕೊಳ್ಳಬಹುದು. ಆದರೆ ಕಲಿಸುವ ಅಧ್ಯಾಯಗಳು ಬರುವುದು ಪುಸ್ತಕದ ಕೊನೆಯ ಕಡೆಗೆ, ಅದೂ ಚಿಕ್ಕದಾಗಿ. ಅದಕ್ಕೂ ಮುಂಚೆ ನೂರಾರು ಪುಟ ಅವರು ಕಂಡ ಲೋಕಗಳ ವರ್ಣನೆ. ಆ ಲೋಕಗಳನ್ನು ಮನಸ್ಸಿನಲ್ಲಿ ತುಂಬಿಕೊಂಡು ಮಲಗಿದವನಿಗೆ ಅವೇ ಕಂಡರೆ, ಅದು ಅವನ ಅನುಭವವೋ ಮನ್ರೋ ಅವರದ್ದೋ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹಾಗಾಗಿ ಮನ್ರೋ ಅವರನ್ನು ಎರಡನೇ ಸಾಲಿಗೆ ಸರಿಸಿದೆ. ಅವರ ಹೆಸರಿನ ಸಂಸ್ಥೆ ರೂಪಿಸಿದ ಧ್ವನಿಗಳನ್ನೂ, ಅಂದರೆ ಎರಡು ಕಿವಿಗೆ ಸ್ವಲ್ಪ ಬೇರೆ ಬೇರೆ ಆವರ್ತನ ಕೇಳಿಸುವ ಹೆಮಿ-ಸಿಂಕ್ ಮಾದರಿಯನ್ನು, ಕೆಲವು ರಾತ್ರಿ ಕೇಳಿ ನೋಡಿದೆ. ಮೈ ಸಡಿಲವಾಗಲು ಚೆನ್ನಾಗಿದೆ. ಪುಸ್ತಕದ ಬದಲಿಗೆ ಅದು ನಿಲ್ಲದು.

ಇಷ್ಟು ಹೊತ್ತಿಗೆ ನನಗೊಂದು ಪರೀಕ್ಷೆ ಸಿಕ್ಕಿತ್ತು. ಯಾವ ಪುಸ್ತಕ ಕೈಗೆ ಬಂದರೂ ಮುನ್ನುಡಿ ಓದದೆ, ಲೇಖಕರ ಸಾಹಸಗಳನ್ನು ಓದದೆ, ನೇರವಾಗಿ ದೇಹ ಬಿಡುವ ಗಳಿಗೆಯನ್ನು ವಿವರಿಸುವ ಪುಟಕ್ಕೆ ಹೋಗುವುದು. ಅಲ್ಲಿ ಲೇಖಕರು ನನ್ನ ಕೈಕಾಲಿನ ಜೊತೆ ಮಾತಾಡುತ್ತಾರೋ, ಇಲ್ಲ ಬೆಳಕು, ಪ್ರೀತಿ, ಅನಂತತೆ ಅಂತ ದೊಡ್ಡ ಮಾತುಗಳಲ್ಲಿ ತೇಲಿಸಿಬಿಡುತ್ತಾರೋ? ರಾತ್ರಿಯ ಯಾವ ಹೊತ್ತು ಒಳ್ಳೆಯದು ಎಂದು ಹೇಳುತ್ತಾರೋ? ಎದೆ ಹೊಡೆದುಕೊಂಡರೆ, ಯಾರೋ ಕೋಣೆಯಲ್ಲಿ ನಿಂತಿದ್ದಾರೆ ಅನ್ನಿಸಿದರೆ, ಅರ್ಧ ಹೊರಬಂದು ಸಿಕ್ಕಿಕೊಂಡ ಹಾಗಾದರೆ ಏನು ಮಾಡಬೇಕು? ವಾರಗಟ್ಟಲೆ ಏನೂ ಆಗದಿದ್ದರೆ? ಈ ಪುಟಗಳು ಗಟ್ಟಿಯಾಗಿದ್ದರೆ ಮಾತ್ರ ಹಿಂದಕ್ಕೆ ತಿರುಗಿ ಮೊದಲಿಂದ ಓದುತ್ತಿದ್ದೆ. ಒಂದೇ ರಾತ್ರಿಯಲ್ಲಿ ಕಲಿಸುತ್ತೇನೆ ಎನ್ನುವ ಪುಸ್ತಕಗಳು ಇಲ್ಲೇ ಉದುರಿಹೋದವು.

ಇನ್ನೊಂದು ಪರೀಕ್ಷೆ ಪ್ರಾಮಾಣಿಕತೆಯದು. ಮನೋವಿಜ್ಞಾನಿ ಚಾರ್ಲ್ಸ್ ಟಾರ್ಟ್ 1968ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಮಲಗಿದ್ದ ಯುವತಿಯೊಬ್ಬಳು, ಹಾಸಿಗೆಗಿಂತ ಎತ್ತರದ ಕಪಾಟಿನ ಮೇಲಿಟ್ಟಿದ್ದ ಐದಂಕಿಯ ಸಂಖ್ಯೆಯನ್ನು, 25132 ಎಂದು, ಸರಿಯಾಗಿ ಹೇಳಿದಳು. ರೋಮಾಂಚನವಾಗುವಂಥ ಸಂಗತಿ. ಆದರೆ ಅಲ್ಲಿದ್ದ ಗಡಿಯಾರದ ಮೇಲ್ಮೈಯಲ್ಲಿ ಆ ಅಂಕಿ ಪ್ರತಿಫಲಿಸಿರಬಹುದಾದ ಸಾಧ್ಯತೆಯನ್ನು ಟಾರ್ಟ್ ಅವರೇ ವರದಿಯಲ್ಲಿ ಬರೆದಿದ್ದಾರೆ. ಅಂಕಿಯನ್ನು ಹೇಳಿ ಗಡಿಯಾರವನ್ನು ನುಂಗಿಕೊಳ್ಳುವ ಪುಸ್ತಕ ಕಂಡರೆ ನಾನು ಅದನ್ನು ಕೆಳಗಿಡುತ್ತೇನೆ. ನನಗೆ ಈ ವಿದ್ಯೆಯ ಮೇಲೆ ಪ್ರೀತಿಯಿದೆ, ಅದಕ್ಕೇ ಅರ್ಧ ಸತ್ಯ ಸಹಿಸಲಾಗುವುದಿಲ್ಲ.

ಎರಡೂ ಪರೀಕ್ಷೆ ದಾಟಿ ನನ್ನ ಮೇಜಿನ ಮೇಲೆ ಉಳಿದವರು ಇಬ್ಬರು: ರಾಬರ್ಟ್ ಬ್ರೂಸ್ ಮತ್ತು ವಿಲಿಯಂ ಬುಲ್ಮನ್.

ಬ್ರೂಸ್ ಅವರ ‘ಆಸ್ಟ್ರಲ್ ಡೈನಾಮಿಕ್ಸ್’ 1999ರಲ್ಲಿ ಬಂದದ್ದು, ಐನೂರಕ್ಕೂ ಹೆಚ್ಚು ಪುಟಗಳ ದಪ್ಪ ಪುಸ್ತಕ. ಅವರ ದೊಡ್ಡ ಕೊಡುಗೆ ಎಂದರೆ ದೃಶ್ಯದ ಬದಲು ಸ್ಪರ್ಶವನ್ನು ಮುಂದಿಟ್ಟದ್ದು. ಕಣ್ಣು ಮುಚ್ಚಿ ಚಿತ್ರ ಕಲ್ಪಿಸಿಕೊಳ್ಳಲು ಹಲವರಿಗೆ ಬರುವುದಿಲ್ಲ. ಆದರೆ ಕೈಯಲ್ಲಿ ಹಗ್ಗ ಹಿಡಿದರೆ ಹೇಗಿರುತ್ತದೆ ಎನ್ನುವುದು ಎಲ್ಲರ ಅಂಗೈಗೂ ಗೊತ್ತು. ಮಲಗಿದಲ್ಲಿಂದ ಎದೆಯ ಮೇಲೆ ಚಾವಣಿಯಿಂದ ಒಂದು ಹಗ್ಗ ಇಳಿಬಿದ್ದಿದೆ ಅಂದುಕೊಳ್ಳಬೇಕು. ಅದನ್ನು ನೋಡಲು ಹೋಗಬಾರದು. ಮೈಯ ಕೈ ಅಲುಗದೆ, ಮನಸ್ಸಿನ ಕೈಯಿಂದ ಅದನ್ನು ಹಿಡಿದು, ಒಂದು ಕೈಯ ಮೇಲೆ ಇನ್ನೊಂದು ಕೈ ಹಾಕುತ್ತ ಹತ್ತಬೇಕು. ಹಗ್ಗದ ಒರಟು, ಜಗ್ಗಿದಾಗ ತೋಳಿನಲ್ಲಿ ಆಗುವ ಸೆಳೆತ, ಇಷ್ಟರ ಮೇಲೇ ಗಮನ. ಇದನ್ನು ಮಾಡಿದಾಗ ಹೊಟ್ಟೆಯಲ್ಲಿ ಉಯ್ಯಾಲೆ ಜೀಕಿದಾಗಿನಂಥ ಸುಳಿ ಎದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಆದರೆ ಆ ಪುಸ್ತಕದಲ್ಲಿ ಶಕ್ತಿ ಕೇಂದ್ರಗಳು, ಅವನ್ನು ಎಬ್ಬಿಸುವ ವ್ಯಾಯಾಮಗಳು, ಸೂಕ್ಷ್ಮ ಲೋಕದ ಕುರಿತ ಅವರ ಸಿದ್ಧಾಂತಗಳು, ಎಷ್ಟೊಂದಿವೆ ಎಂದರೆ ಹೊಸಬರು ಸಿದ್ಧತೆಯಲ್ಲೇ ಸುಸ್ತಾಗುತ್ತಾರೆ. ಅದು ಅವರಿಗೂ ಅನ್ನಿಸಿರಬೇಕು. 2004ರಲ್ಲಿ ಬ್ರಯನ್ ಮರ್ಸರ್ ಜೊತೆ ಸೇರಿ ‘ಮಾಸ್ಟರಿಂಗ್ ಆಸ್ಟ್ರಲ್ ಪ್ರೊಜೆಕ್ಷನ್’ ಬರೆದರು. ತೊಂಬತ್ತು ದಿನಗಳ ಪಾಠ, ದಿನಕ್ಕಿಷ್ಟು ಅಂತ ಹಂಚಿದ್ದು. ಶಿಸ್ತಿನ ಮನುಷ್ಯರಿಗೆ, ದಿನಚರಿಯಲ್ಲಿ ಅಷ್ಟು ಹೊತ್ತು ತೆಗೆಯಬಲ್ಲವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪುಸ್ತಕ ನನಗೆ ಕಂಡಿಲ್ಲ. ನನ್ನ ಸ್ವಭಾವ ಹಾಗಲ್ಲ. ಒಂದು ದಿನ ತಪ್ಪಿದರೆ ಇಡೀ ಪಾಠವೇ ತಪ್ಪಿತು ಅನ್ನಿಸುವ ಜಾತಿ ನನ್ನದು. ನನಗೆ ಬೇಕಿದ್ದದ್ದು ಒಂದೆರಡು ವಿಧಾನ, ಅವುಗಳಲ್ಲಿ ಆಳವಾಗಿ ಇಳಿಯುವ ಅವಕಾಶ.

ಅದು ಸಿಕ್ಕಿದ್ದು ಬುಲ್ಮನ್ ಅವರ ‘ಅಡ್ವೆಂಚರ್ಸ್ ಬಿಯಾಂಡ್ ದಿ ಬಾಡಿ’ಯಲ್ಲಿ. 1996ರ ಪುಸ್ತಕ. ಮೊದಲ ಭಾಗ ಅವರದೇ ಅನುಭವಗಳ ಟಿಪ್ಪಣಿ, ಆಮೇಲೆ ಅವರ ವಿಚಾರ, ನಂತರ ವಿಧಾನಗಳು. ಜಗತ್ತು ಮತ್ತು ಭೌತಶಾಸ್ತ್ರದ ಬಗ್ಗೆ ಅವರು ಹೇಳುವುದನ್ನೆಲ್ಲ ನಾನು ಒಪ್ಪುವುದಿಲ್ಲ, ಆ ಪುಟಗಳನ್ನು ಬೇಗ ದಾಟಿದೆ. ವಿಧಾನಗಳ ಭಾಗದಲ್ಲಿ ಮಾತ್ರ ಪೆನ್ಸಿಲ್ ಹಿಡಿದು ಕೂತೆ.

ಅವರ ಒಂದು ವಿಧಾನವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ಆಯ್ಕೆ ನಿಂತದ್ದೇ ಅದರ ಮೇಲೆ. ಮಲಗುವ ಕೋಣೆಯಲ್ಲಲ್ಲದೆ ಮನೆಯ ಇನ್ನೊಂದು ಕೋಣೆಯಲ್ಲಿ ಮೂರು ವಸ್ತುಗಳನ್ನು ಆರಿಸಿಕೊಳ್ಳಬೇಕು. ನಾನು ಆರಿಸಿದ್ದು ನಡುಮನೆಯ ಗಾಜಿನ ಪೇಪರ್‌ವೇಟ್, ಹಳೆಯ ಕುರ್ಚಿಯ ಕೈ, ಅಜ್ಜನ ಊರುಗೋಲು. ಎದ್ದಿರುವಾಗಲೇ ಒಂದರಿಂದ ಇನ್ನೊಂದಕ್ಕೆ ನಡೆದು ಪ್ರತಿಯೊಂದನ್ನೂ ಮುಟ್ಟಿ ನೋಡಬೇಕು. ನೋಡುವುದೆಂದರೆ ಸುಮ್ಮನೆ ಕಣ್ಣು ಹಾಯಿಸುವುದಲ್ಲ. ಪೇಪರ್‌ವೇಟಿನ ತಣ್ಣನೆಯ ಭಾರ, ಅದರೊಳಗಿನ ಒಂದು ಗುಳ್ಳೆ, ತಳದಲ್ಲಿ ಸವೆದ ಬಟ್ಟೆ. ಕುರ್ಚಿಯ ಕೈಯಲ್ಲಿ ಪಾಲಿಶ್ ಎದ್ದುಹೋಗಿ ನಾರು ಕಾಣುವ ಜಾಗ, ಬೆರಳಿಗೆ ಸಿಗುವ ಒಂದು ಸೀಳು. ಊರುಗೋಲಿನ ಹಿಡಿಯಲ್ಲಿ ಅಂಗೈ ಕೂತು ಕೂತು ಆದ ನುಣುಪು. ಹೀಗೆ ಸುತ್ತಿ ಬಂದು, ಮಲಗಿ, ಕಣ್ಣು ಮುಚ್ಚಿ, ಅದೇ ದಾರಿಯಲ್ಲಿ ಮನಸ್ಸಿನಲ್ಲೇ ನಡೆಯಬೇಕು. ಕಾಲಡಿಯ ನೆಲದ ತಂಪನ್ನೂ ಬಿಡಬಾರದು. ಮೈ ನಿದ್ದೆಗೆ ಜಾರುತ್ತಿರುವಾಗಲೂ ಗಮನ ಮಾತ್ರ ಆ ಕೋಣೆಯಲ್ಲೇ ಇರಬೇಕು.

ಇದರ ಹಿಂದಿನ ಯುಕ್ತಿ ನನಗೆ ಬಹಳ ಹಿಡಿಸಿತು. ಹೊರಗೆ ಹೋಗಬೇಕು, ಹೊರಗೆ ಹೋಗಬೇಕು ಎಂದು ಹಟ ಹಿಡಿದಷ್ಟೂ ಗಮನ ಮೈಯ ಮೇಲೇ ಗಟ್ಟಿಯಾಗುತ್ತದೆ. ಇಲ್ಲಿ ಮೈಯ ಸುದ್ದಿಯೇ ಇಲ್ಲ. ಗಮನವನ್ನು ಮೊದಲೇ ಬೇರೆ ಕಡೆ ಕೂರಿಸಿ ಆಗಿರುತ್ತದೆ. ಹೊರಬಂದ ಮೇಲೆ ಮೊದಲು ಮೈಯಿಂದ ದೂರ ಸರಿಯಿರಿ, ಹಿಂತಿರುಗಿ ನೋಡಬೇಡಿ, ಎಲ್ಲ ಮಸುಕಾಗಿದ್ದರೆ ‘ಈಗಲೇ ಸ್ಪಷ್ಟವಾಗಲಿ’ ಎಂದು ಗಟ್ಟಿಯಾಗಿ ಆಜ್ಞೆ ಮಾಡಿ ಎಂದು ಬುಲ್ಮನ್ ಹೇಳುತ್ತಾರೆ. ಆ ಗಳಿಗೆಗೆ ಬೇಕಾದದ್ದು ಇಷ್ಟೇ ಉದ್ದದ ಮಾತು. ಉದ್ದುದ್ದ ಪ್ಯಾರಾಗಳು ಅಲ್ಲಿ ನೆನಪಾಗುವುದಿಲ್ಲ.

ಜೊತೆಗಿರಲಿ ಎಂದು ಸ್ಟೀಫನ್ ಲಾಬರ್ಜ್ ಮತ್ತು ಹೋವರ್ಡ್ ರೈನ್‌ಗೋಲ್ಡ್ ಅವರ ‘ಎಕ್ಸ್‌ಪ್ಲೋರಿಂಗ್ ದಿ ವರ್ಲ್ಡ್ ಆಫ್ ಲೂಸಿಡ್ ಡ್ರೀಮಿಂಗ್’ ಇಟ್ಟುಕೊಂಡೆ. ಇದು 1990ರದು, ಕನಸು ಕಾಣುತ್ತಿರುವಾಗಲೇ ಇದು ಕನಸೆಂದು ತಿಳಿದಿರುವ ಲೂಸಿಡ್ ಡ್ರೀಮಿಂಗ್ ಬಗ್ಗೆ. ಕನಸಿನೊಳಗೆ ಎಚ್ಚರವಾಗಿರುವವರು ಮೊದಲೇ ಮಾತಾಡಿಕೊಂಡ ಹಾಗೆ ಕಣ್ಣಾಲಿ ಹೊರಳಿಸಿ ಹೊರಗಿನವರಿಗೆ ಸಂಕೇತ ಕೊಡಬಲ್ಲರು ಎಂಬುದನ್ನು 1975ರಲ್ಲಿ ಇಂಗ್ಲೆಂಡಿನ ಕೀತ್ ಹರ್ನ್ ದಾಖಲಿಸಿದರು. ಅವರ ಕೆಲಸ ಗೊತ್ತಿಲ್ಲದೆಯೇ ಸ್ಟ್ಯಾನ್‌ಫರ್ಡ್‌ನಲ್ಲಿ ಲಾಬರ್ಜ್ ಕೂಡ ಅದನ್ನು ತೋರಿಸಿದರು. ದೇಹ ಬಿಟ್ಟು ಹೋದ ಅನುಭವವೂ ಇಂಥ ಕನಸಿನದೇ ಒಂದು ಬಗೆ ಎನ್ನುವ ಕಡೆಗೆ ಲಾಬರ್ಜ್ ವಾಲುತ್ತಾರೆ. ಆ ವಾದ ಒಪ್ಪಲಿ ಬಿಡಲಿ, ನಿದ್ದೆಯ ಬಗ್ಗೆ ಅವರು ಹೇಳುವುದು ಈ ದಾರಿಯ ಎಲ್ಲರಿಗೂ ಬೇಕು. ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷ. ಕನಸು ದಟ್ಟವಾಗಿರುವ ರೆಮ್ ಹಂತ ರಾತ್ರಿಯ ಕೊನೆಯ ಭಾಗದಲ್ಲಿ ಉದ್ದವಾಗುತ್ತದೆ. ಆ ಹಂತದಲ್ಲಿ ನಾವು ಕನಸಿಗೆ ತಕ್ಕಂತೆ ಎದ್ದು ಓಡದಿರಲೆಂದು ಸ್ನಾಯುಗಳು ಕಟ್ಟಿಹಾಕಿದಂತಿರುತ್ತವೆ. ಮನಸ್ಸು ಎದ್ದು, ಈ ಕಟ್ಟು ಇನ್ನೂ ಬಿಚ್ಚದಿದ್ದರೆ ಅದೇ ಸ್ಲೀಪ್ ಪ್ಯಾರಾಲಿಸಿಸ್. ಎದೆ ಭಾರ, ಯಾರೋ ನಿಂತಂತೆ ಅನ್ನಿಸುವುದು, ಕಿವಿಯಲ್ಲಿ ಮೊರೆತ, ಎಲ್ಲ ಅದರ ಜೊತೆಗೇ ಬರುತ್ತವೆ, ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಹೋಗುತ್ತವೆ. ಹರೆಯದಲ್ಲಿ ನನ್ನನ್ನು ಹೆದರಿಸಿದ್ದಕ್ಕೆ ಹೆಸರು ಸಿಕ್ಕಿದ್ದು ಇಲ್ಲಿ. ರಾತ್ರಿ ಮಲಗಿದ ತಕ್ಷಣ ಒದ್ದಾಡುವುದಕ್ಕಿಂತ, ನಾಲ್ಕೈದು ಗಂಟೆ ನಿದ್ದೆ ಮಾಡಿ ಎದ್ದು, ಸ್ವಲ್ಪ ಹೊತ್ತು ಎಚ್ಚರವಿದ್ದು, ಮತ್ತೆ ಮಲಗುವಾಗ ಅಭ್ಯಾಸ ಮಾಡುವುದು ಯಾಕೆ ಫಲ ಕೊಡುತ್ತದೆ ಎನ್ನುವುದೂ ಇದರಿಂದ ಅರ್ಥವಾಯಿತು.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ನಿದ್ದೆ ಮುರಿಯುವ ಈ ಕ್ರಮ ದಿನಾ ಮಾಡುವಂಥದ್ದಲ್ಲ, ರಜೆಯ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಿ. ಮೂರ್ಛೆರೋಗ ಇರುವವರು, ಮನೋರೋಗಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರು, ತಾನು ತನ್ನಿಂದಲೇ ಬೇರೆಯಾದಂತೆ ಹಗಲಲ್ಲೂ ಅನ್ನಿಸುವವರು ವೈದ್ಯರನ್ನು ಕೇಳದೆ ಈ ಅಭ್ಯಾಸಕ್ಕೆ ಇಳಿಯಬಾರದು. 2002ರಲ್ಲಿ ನರವಿಜ್ಞಾನಿ ಓಲಾಫ್ ಬ್ಲಾಂಕೆ ಮತ್ತು ಸಂಗಡಿಗರು ಮೂರ್ಛೆರೋಗದ ಒಬ್ಬ ಮಹಿಳೆಯ ತಪಾಸಣೆಯಲ್ಲಿ ಮೆದುಳಿನ ಬಲಭಾಗದ ಆಂಗ್ಯುಲರ್ ಜೈರಸ್ ಎಂಬ ಜಾಗವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ, ಆಕೆ ತಾನು ಹಾಸಿಗೆಯಲ್ಲಿ ಮಲಗಿರುವುದನ್ನು ಮೇಲಿನಿಂದ ನೋಡುತ್ತಿದ್ದೇನೆ ಎಂದಳು. ನಾವು ಎಲ್ಲಿದ್ದೇವೆ ಎಂಬ ಅರಿವನ್ನು ಕಟ್ಟಿಕೊಡುವ ಜಾಗದೊಡನೆ ನಮ್ಮ ವ್ಯವಹಾರ. ಎಚ್ಚರಿಕೆಯ ಒಂದು ಪುಟವೂ ಇಲ್ಲದ ಪುಸ್ತಕವನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಅಭ್ಯಾಸ ಶುರುವಾದ ಮೇಲೆ ಬಹಳ ಕಾಲ ಬರೀ ನಿದ್ದೆಯೇ ಬರುತ್ತಿತ್ತು. ಪೇಪರ್‌ವೇಟಿನ ತನಕ ಹೋಗುತ್ತಿದ್ದೆ, ಕುರ್ಚಿ ಮುಟ್ಟುವಷ್ಟರಲ್ಲಿ ಬೆಳಗಾಗಿರುತ್ತಿತ್ತು. ಆಮೇಲೆ ಒಂದು ನಸುಕಿನಲ್ಲಿ ಊರುಗೋಲಿನ ಹಿಡಿಯ ನುಣುಪು ಕಲ್ಪನೆಗಿಂತ ಗಟ್ಟಿಯಾಗಿ ಅಂಗೈಗೆ ಸಿಕ್ಕಿತು. ಅದೇ ಗಳಿಗೆಗೆ ಕತ್ತಿನ ಹಿಂದಿನಿಂದ ಕಾಲಿನ ತನಕ ಝುಂ ಎಂದು ಕಂಪನ ಹರಿಯಿತು. ಮನ್ರೋ ಹೇಳಿದ್ದು ನೆನಪಾಯಿತು, ತಡೆಯಲು ಹೋಗಲಿಲ್ಲ. ಮಗ್ಗುಲಾಗುವಂತೆ ಬಲಕ್ಕೆ ಹೊರಳಿದೆ. ಮೈ ಹೊರಳಲಿಲ್ಲ, ನಾನು ಹೊರಳಿದೆ. ಬಾಗಿಲಿನ ಕಡೆ ಸರಿದು ಆಜ್ಞೆ ಮಾಡಿದೆ. ಕತ್ತಲು ಒಮ್ಮೆಲೇ ತಿಳಿಯಾಗಿ, ಕೋಣೆ ಹಗಲಿಗಿಂತ ಚುರುಕಾಗಿ ಕಂಡಿತು. ಬಾಗಿಲ ಚೌಕಟ್ಟಿನ ಮರದ ಗೆರೆಗಳನ್ನು ಎಣಿಸಬಹುದಿತ್ತು. ಖುಷಿ ಉಕ್ಕಿತು, ಖುಷಿಯೇ ನನ್ನನ್ನು ವಾಪಸು ಎಳೆಯಿತು. ಎದ್ದವನೇ ದೀಪ ಹಾಕಿ ಎಲ್ಲ ಬರೆದಿಟ್ಟೆ. ಆ ಪುಟ್ಟ ಹೊತ್ತಿನಲ್ಲಿ ಕೆಲಸಕ್ಕೆ ಬಂದದ್ದು ಬುಲ್ಮನ್, ಮನ್ರೋ ಇಬ್ಬರ ಒಂದೊಂದು ವಾಕ್ಯ.

ಈಗ ಯಾರಾದರೂ ಕೇಳಿದರೆ ಮೊದಲು ಅವರನ್ನೇ ಕೇಳುತ್ತೇನೆ, ಭಯ ಹೆಚ್ಚೋ ಅನುಮಾನ ಹೆಚ್ಚೋ ಅಂತ. ಭಯ ಹೆಚ್ಚಿದ್ದರೆ ಮನ್ರೋ ಅವರ ಮೊದಲ ಕೆಲವು ಅಧ್ಯಾಯ, ಆಮೇಲೆ ಬುಲ್ಮನ್. ಅನುಮಾನ ಹೆಚ್ಚಿದ್ದರೆ ಲಾಬರ್ಜ್‌ನಿಂದ ಶುರು ಮಾಡಿ, ಏಕೆಂದರೆ ಅಲ್ಲಿ ನಂಬಬೇಕಾದ್ದು ಏನೂ ಇಲ್ಲ, ಮಾಡಿ ನೋಡಬೇಕಾದ್ದಷ್ಟೇ ಇದೆ. ದಿನಕ್ಕೊಂದು ಪಾಠ ಎಂದರೆ ಖುಷಿಪಡುವವರಿಗೆ ಬ್ರೂಸ್ ಮತ್ತು ಮರ್ಸರ್. ಮುಲ್ಡೂನ್ ಆಮೇಲಿಗಿರಲಿ, ಖಂಡಿತ ಓದಿ, ಅವನಷ್ಟು ಸೂಕ್ಷ್ಮವಾಗಿ ಗಮನಿಸಿದವರು ಕಡಿಮೆ.

ನೋಡಿದ್ದು ನಿಜವಾದ ನಡುಮನೆಯನ್ನೋ, ನಡುಮನೆಯ ಕನಸನ್ನೋ ಎಂಬ ಪ್ರಶ್ನೆ ಆಮೇಲೆ ಕಾಡತೊಡಗಿತು. ಅಕ್ಕನಿಗೆ ಹೇಳಿದೆ. “ಅಷ್ಟೇ ತಾನೆ, ನಾನೊಂದು ಇಸ್ಪೀಟೆಲೆ ಬೀರುವಿನ ಮೇಲೆ ಇಡ್ತೀನಿ ಬಿಡೋ. ನೀನು ನೋಡ್ಕೊಂಡು ಬಂದು ಹೇಳು,” ಅಂದಳು. ಮುಖ ಮೇಲಾಗಿ ಇಟ್ಟಳು, ಕುರ್ಚಿ ಹತ್ತದೆ ಕಾಣದ ಎತ್ತರ. ಮುಂದೆ ಒಂದು ಸಲ ಹೊರಬಂದಾಗ ಬೀರುವಿನ ಮೇಲಕ್ಕೇ ಏರಿದೆ. ಎಲೆ ಕಂಡಿತು, ಕೆಂಪು. ಅಂಕಿ ಮಾತ್ರ ನೋಡುನೋಡುತ್ತಿದ್ದ ಹಾಗೆ ಎಂಟಾಗಿ, ಮೂರಾಗಿ ಬದಲಾಗುತ್ತಿತ್ತು. ಬೆಳಗ್ಗೆ ಅಕ್ಕ ತೆಗೆದು ತೋರಿಸಿದ್ದು ಕಳಾವರ್ ಗುಲಾಮ.

ಆ ವಾರವೇ ಮನೋವಿಜ್ಞಾನಿ ಸೂಸನ್ ಬ್ಲ್ಯಾಕ್‌ಮೋರ್ ಅವರ ‘ಬಿಯಾಂಡ್ ದಿ ಬಾಡಿ’ ತೆರೆದೆ, 1982ರದು. 1970ರಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿನಿಯಾಗಿದ್ದಾಗ ಅವರಿಗೆ ದೇಹ ಬಿಟ್ಟ ಅನುಭವ ಬಹಳ ಗಾಢವಾಗಿ ಆಯಿತು. ಮನೆಗಳ ಮಾಡುಗಳ ಮೇಲೆ ಹಾರಿದರು. ಮಾರನೇ ದಿನ ಹೋಗಿ ನೋಡಿದರೆ ಮಾಡುಗಳು ಅವರು ಕಂಡ ಹಾಗಿರಲಿಲ್ಲ. ಆ ವ್ಯತ್ಯಾಸವನ್ನು ಅವರು ಮುಚ್ಚಿಡಲಿಲ್ಲ, ಅನುಭವವನ್ನೂ ತಳ್ಳಿಹಾಕಲಿಲ್ಲ. ಮುಂದೆ ಎಷ್ಟೋ ವರ್ಷ ಅದನ್ನೇ ಅಧ್ಯಯನ ಮಾಡಿ, ಆತ್ಮ ಹೊರಗೆ ಹೋಗುವುದಿಲ್ಲ, ಮೆದುಳು ಕಟ್ಟಿದ ಜಗತ್ತಿನಲ್ಲೇ ನಾವು ಓಡಾಡುತ್ತೇವೆ ಎಂಬ ನಿಲುವಿಗೆ ಬಂದರು. ನಾನಿನ್ನೂ ಆ ನಿಲುವಿಗೆ ಬಂದಿಲ್ಲ, ಎದುರು ನಿಲುವಿಗೂ ಬಂದಿಲ್ಲ. ಆದರೆ ಬುಲ್ಮನ್ ಓದಿ ಒಂದು ಸಲ ಹೊರಬಂದವರಿಗೆ ನಾನು ಕೊಡುವ ಎರಡನೇ ಪುಸ್ತಕ ಇದೇ.

ಎಲೆಯ ಪರೀಕ್ಷೆ ನಿಂತಿಲ್ಲ. ಈ ಸಲ ಯಾವ ಎಲೆ ಎಂದು ಅಕ್ಕನಿಗೂ ಗೊತ್ತಾಗದಿರಲಿ, ಅವಳ ಮುಖಭಾವದಿಂದಲೋ ಮಾತಿನಿಂದಲೋ ನನಗೆ ಸುಳಿವು ಸಿಗದಿರಲಿ ಎಂದು ಕಟ್ಟನ್ನು ಚೆನ್ನಾಗಿ ಕಲೆಸಿ, ಕಣ್ಣು ಮುಚ್ಚಿಕೊಂಡು ಒಂದನ್ನು ಎಳೆದು ಮೇಲಿಡಲು ಹೇಳಿದ್ದೇನೆ. ಅಂಕಿ ಓದುವುದು ಕಷ್ಟವಾದ್ದರಿಂದ ಸದ್ಯಕ್ಕೆ ಕೆಂಪೋ ಕಪ್ಪೋ ಎಂಬುದನ್ನಷ್ಟೇ ಬರೆದುಕೊಳ್ಳುತ್ತೇನೆ, ಬೀರು ನೋಡುವ ಮುಂಚೆಯೇ, ತಾರೀಕು ಹಾಕಿ.